ಕುರಿಯ ಕಿವಿ ಹಿಡಿದು ನಾಲ್ಕು ತಾಲ್ಲೂಕು

ಕಳೆದ ಡಿಸೆಂಬರ್ ಎರಡನೇ ಮಂಗಳವಾರ ಬೆಳಿಗ್ಗೆ ಫಿಜಿ ದೇಶದ ಶಾಲಾ ಶಿಕ್ಷಕಿ ರೋಹಿಣಿ ಬೆಂಗಳೂರಿನ ಬಸ್ಸಿನಿಂದ ಚಿತ್ರದುರ್ಗದ ನಿಲ್ದಾಣದಲ್ಲಿ ಇಳಿದರು. ವಯಸ್ಸು ಐವತ್ತೆರಡು. ಹೆಗಲಿಗೊಂದು ಚೀಲ, ಕೈಯಲ್ಲಿ ಅಂಗೈಯಗಲದ ಸ್ಪೀಕರ್. ಶುಕ್ರವಾರ ವಾಪಸ್ ವಿಮಾನ. ನಮ್ಮ ಕೈಯಲ್ಲಿದ್ದದ್ದು ಮೂರು ದಿನ.

ಅವರು ನನಗೆ ಸಿಕ್ಕಿದ್ದು ಒಂದು ಜಾಲತಾಣದ ಮೂಲಕ. ಕಬ್ಬಿನ ತೋಟಗಳಿಗೆ ಕೂಲಿಯಾಳಾಗಿ ಹಡಗು ಹತ್ತಿ ಹೋದ ಭಾರತೀಯರ ಚರಿತ್ರೆಯನ್ನು ಅಲ್ಲಿ ಕೂಡಿಟ್ಟಿದ್ದಾರೆ. ಹಳೆಯ ಫೋಟೋಗಳಿವೆ, ಹಡಗುಗಳ ದಾರಿ ತೋರಿಸುವ ನಕ್ಷೆಗಳಿವೆ. ಎಲ್ಲಕ್ಕಿಂತ ಮಿಗಿಲಾಗಿ ದನಿಗಳಿವೆ. ಹೋದವರು ಮುದುಕರಾದ ಮೇಲೆ ಯಾರೋ ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟ ಮಾತುಗಳು. ಒಬ್ಬಾಕೆ ಕಬ್ಬಿನ ಗರಿ ಕೈ ಕೊಯ್ದದ್ದನ್ನು ಹೇಳುತ್ತಾಳೆ. ಇನ್ನೊಬ್ಬ ಹಡಗಿನಲ್ಲಿ ಕೊಟ್ಟ ಅಕ್ಕಿಯನ್ನು ಬೈಯುತ್ತಾನೆ. ಪತ್ರಿಕೆಯ ಕೆಲಸಕ್ಕೆಂದು ಅದನ್ನು ತೆರೆದಿದ್ದ ನಾನು ‘ತೆಲುಗು’ ಎಂದು ಗುರುತು ಹಾಕಿದ್ದ ಒಂದು ತುಣುಕನ್ನು ಒತ್ತಿದೆ. ಕೇಳಿಸಿದ್ದು ನಮ್ಮ ಜಿಲ್ಲೆಯ ಕನ್ನಡ.

ಮಾತನಾಡಿದವರ ಹೆಸರು ಚಿಕ್ಕಣ್ಣ. ಊರಿನ ಹೆಸರು ಹೇಳುವುದಿಲ್ಲ, ‘ನಮ್ಮ ಹಟ್ಟಿ’ ಎನ್ನುತ್ತಾರೆ. ತುಣುಕಿನ ಕೆಳಗೆ ಇಂಗ್ಲಿಷ್ ಸಾರಾಂಶವೊಂದಿತ್ತು: ತೋಟದ ಮಾಲೀಕರು ಶಿಕ್ಷೆಯಾಗಿ ಇವರ ಎಡಗಿವಿಯ ತುದಿ ಕತ್ತರಿಸಿ, ಬಲಗಿವಿಯನ್ನು ಸೀಳಿದರು ಎಂದು. ಪಕ್ಕದಲ್ಲಿದ್ದ ಫೋಟೋದಲ್ಲಿ ಮುದುಕರ ಎರಡೂ ಕಿವಿ ನೆಟ್ಟಗಿದ್ದವು. ತುಣುಕನ್ನು ಮತ್ತೆ ಕೇಳಿದೆ. ಅವರು ಹೇಳುತ್ತಿದ್ದದ್ದು ಕುರಿಯ ಕಿವಿಯ ವಿಷಯ. ನಮ್ಮ ಕಡೆ ಕುರಿ ಸಾಕುವ ಪ್ರತಿ ಮನೆತನವೂ ತನ್ನ ಮಂದೆಗೆ ತನ್ನದೇ ರೀತಿಯಲ್ಲಿ ಕಿವಿ ಕತ್ತರಿಸಿ ಗುರುತು ಮಾಡುತ್ತದೆ. ಮಂದೆಗಳು ಬೆರೆತರೂ ಕಿವಿ ನೋಡಿ ಬೇರೆ ಮಾಡಬಹುದು. ಎಡಗಿವಿಯ ತುದಿ ಹಾರಿಸಿ, ಬಲಗಿವಿಗೆ ಒಂದು ಸೀಳು: ಅದು ಚಿಕ್ಕಣ್ಣನವರ ಮನೆಯ ಗುರುತು.

ಜಾಲತಾಣದವರಿಗೆ ತಿದ್ದುಪಡಿ ಕಳಿಸಿದೆ. ವಾರದೊಳಗೆ ರೋಹಿಣಿಯವರ ಫೋನ್ ಬಂತು. ಚಿಕ್ಕಣ್ಣ ಅವರ ಅಜ್ಜ, ತಂದೆಯ ತಂದೆ. ಮನೆಯಲ್ಲಿ ಕನ್ನಡ ಯಾರಿಗೂ ಉಳಿದಿಲ್ಲ. ಶಿಕ್ಷೆಯ ಕತೆಯನ್ನು ನಂಬಿ ಅವರ ಅಪ್ಪ ಎಷ್ಟೋ ಸಲ ಅತ್ತಿದ್ದರಂತೆ. ಅಜ್ಜ ಬೇರೆ ಏನು ಹೇಳಿದ್ದಾರೆ ಎಂದು ಕೇಳಿದರು. ಕೊನೆಯ ಮಾತುಗಳನ್ನು ನಾನು ಹಿಂದಿಯಲ್ಲಿ ಹೇಳಿದೆ. ಮೂಲದಲ್ಲಿ ಅವು ಹೀಗಿವೆ:

“ಸಂತಿಗೆ ಹೋಗಿ ಉಪ್ಪು ತರ್ತೀನಿ ಅಂತ ತಂಗಿ ಈರಕ್ಕನ್ನ ಕುರಿ ತಾವ ಬಿಟ್ಟೆ. ಬೈಗಾಗದ್ರಾಗೆ ಬರ್ತೀನಿ, ಇಲ್ಲಿಂದ ಕದಲಬ್ಯಾಡ ಅಂದಿದ್ದೆ. ಸಂತಿಯಾಗೆ ಸಿಕ್ಕೋನು ಕೆಲಸ ಐತೆ ಬಾ ಅಂದ. ಹೋದೆ. ಆ ಹುಡುಗಿ ಕುರಿ ಹೊಡ್ಕಂಡು ಮನಿ ಸೇರಿದ್ಲೋ, ತೋಳದ ಪಾಲಾದ್ಲೋ. ಯಾರ್ನ ಕೇಳಾಣ?”

ರೋಹಿಣಿ ಬಂದದ್ದು ಅದನ್ನು ಕೇಳುವುದಕ್ಕೆ.

ಮೊದಲು ಹೊಳಲ್ಕೆರೆ. ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರದೂ ಆಧಾರ್ ಕೇಳಿದರು. ರೋಹಿಣಿ ಪಾಸ್‌ಪೋರ್ಟ್ ಚಾಚಿದರು. ಕಂಡಕ್ಟರ್ ಅದನ್ನು ತಿರುಗಿಸಿ ನೋಡಿ, “ಮಾರಿ ನೋಡಿದ್ರೆ ನಮ್ಮ ಕಡೆಯೋರಂಗೇ ಅದೀರಿ, ಆದ್ರೆ ಇದು ನಡೆಯಲ್ಲ ಕಣ್ರಮ್ಮ” ಎಂದು ಟಿಕೆಟ್ ಹರಿದರು. ರಾಜ್ಯದ ಹೆಂಗಸಾದ್ದರಿಂದ ನನ್ನ ಪ್ರಯಾಣ ಉಚಿತ, ರೋಹಿಣಿಯವರದಕ್ಕೆ ಹಣ. ಕಂಡಕ್ಟರ್ ಹೇಳಿದ್ದನ್ನು ನಾನು ಹಿಂದಿಗೆ ತಿರುಗಿಸಿದೆ. ಮೊದಲರ್ಧ ಕೇಳಿ ಅವರು ದಾರಿಯುದ್ದಕ್ಕೂ ನಗುತ್ತಿದ್ದರು. ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿದ್ದವು. ಮೂವತ್ತು ಚಿಲ್ಲರೆ ಕಿಲೋಮೀಟರ್, ತಣ್ಣನೆಯ ಗಾಳಿ, ಒಂದು ಗಂಟೆಯ ಮೇಲೆ ಸ್ವಲ್ಪ.

ಹೊಳಲ್ಕೆರೆಯಲ್ಲಿ ಕುರಿ ವ್ಯಾಪಾರಿ ತಿಮ್ಮಣ್ಣ ನನಗೆ ಮೊದಲೇ ಪರಿಚಯ. ಸುತ್ತಲಿನ ಸಂತೆಗಳನ್ನೆಲ್ಲ ತಿರುಗಿದವರು. ಅವರ ಮನೆಯ ಜಗಲಿಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟುಕೊಂಡು ಸ್ಪೀಕರ್ ಹಚ್ಚಿದೆವು. ತಿಮ್ಮಣ್ಣ ಬಜ್ಜಿ ಕೈಯಲ್ಲೇ ಹಿಡಿದು ಕೇಳಿದರು. ಮುಗಿದ ಮೇಲೆ ಕೇಳಿದ ಮೊದಲ ಪ್ರಶ್ನೆ, ಈ ಯಜಮಾನರು ಬದುಕಿದ್ದಾರೆಯೇ ಎಂದು. ಇಲ್ಲವೆಂದೆ.

ಎಡಗಿವಿ ತುದಿ ಹಾರಿಸಿದ, ಬಲಗಿವಿ ಸೀಳಿದ ಕುರಿಗಳನ್ನು ತಾವು ಕೊಂಡಿದ್ದುಂಟು, ಹೊಸದುರ್ಗದ ಕಡೆಯ ಸಂತೆಗೆ ಬರುತ್ತವೆ ಎಂದು ತಮ್ಮ ಕಿವಿಗಳನ್ನೇ ಮುಟ್ಟಿ ತೋರಿಸಿದರು. ರೋಹಿಣಿ ನನ್ನ ಅನುವಾದಕ್ಕೂ ಕಾಯದೆ ಎದ್ದು ನಿಂತರು. ತಿಮ್ಮಣ್ಣ ಕೈ ಎತ್ತಿ ತಡೆದರು.

“ಕುಂತ್ಕಳ್ರಿ ತಾಯಿ. ಆ ಕುರಿಗೆ ಬಲಗಿವಿಗೆ ಎಲ್ಡು ಸೀಳು. ನಿಮ್ಮಜ್ಜ ಒಂದೇ ಅಂತಾರೆ. ಒಂದು ಸೀಳಿಂದು ಬ್ಯಾರೆ ಮನಿ, ಎಲ್ಡು ಸೀಳಿಂದು ಬ್ಯಾರೆ ಮನಿ. ಆಧಾರ್ ನಂಬರಿದ್ದಂಗೆ, ಒಂದು ಅಂಕಿ ತಪ್ಪಿದ್ರೂ ಇನ್ಯಾರೋ ಆಗೋದ್ರು.”

ಮರುದಿನ ಬೆಳಿಗ್ಗೆ ಹೊಸದುರ್ಗಕ್ಕೆ ಹೋದೆವು. ತಟ್ಟೆ ಇಡ್ಲಿ ತಿಂದು ಶ್ರೀರಾಂಪುರದ ಬಸ್ಸು ಹತ್ತಿದೆವು. ತಿಮ್ಮಣ್ಣ ಹೇಳಿದ್ದ ರಂಗಪ್ಪ ಎಂಬ ಹಿರಿಯ ಕುರಿಗಾರರು ಶ್ರೀರಾಂಪುರದ ಆಚೆ ಬೀಳು ಹೊಲದಲ್ಲಿ ಮಂದೆ ಬಿಟ್ಟಿದ್ದರು. ನಾವಿನ್ನೂ ಬದು ದಾಟುತ್ತಿದ್ದಾಗಲೇ ರೋಹಿಣಿ ನನ್ನ ತೋಳು ಹಿಡಿದರು. ಅಂಚಿನಲ್ಲಿ ಮೇಯುತ್ತಿದ್ದ ಒಂದು ಕಪ್ಪು ಕುರಿ. ಎಡಗಿವಿಗೆ ತುದಿಯಿಲ್ಲ. ಬಲಗಿವಿಗೆ ಒಂದೇ ಸೀಳು.

ಇಬ್ಬರೂ ಓಡಿದೆವು, ಮಂದೆ ಬೆದರಿ ಚದುರಿತು. ರಂಗಪ್ಪ ನಮ್ಮನ್ನು ಬೈದು, ಕೋಲಿನ ಕೊಕ್ಕೆಯಿಂದ ಕುರಿಯ ಕಾಲು ಹಿಡಿದು ಬಲಗಿವಿಯನ್ನು ಬೆಳಕಿಗೆ ಹಿಡಿದರು. “ಇದು ಗುರುತಲ್ಲ ಕಣವ್ವ. ಜಾಲಿ ಮುಳ್ಳು ಕಿತ್ತಿರದು. ಅಂಚು ನೋಡು, ಹರಕಲು. ಕತ್ತರಿ ಆಡಿಸಿದ್ರೆ ನೆಟ್ಟಗಿರ್ತದೆ.” ಎಡಗಿವಿ ತುದಿ ಹಾರಿಸುವುದು ರಂಗಪ್ಪನವರ ಮನೆಯದೇ ಗುರುತು, ಬಲಗಿವಿಯನ್ನು ಅವರು ಮುಟ್ಟುವುದಿಲ್ಲ.

ರೋಹಿಣಿ ಬದುವಿನ ಮೇಲೆ ಕುಳಿತುಬಿಟ್ಟರು. ರಂಗಪ್ಪ ತಮ್ಮ ಬುತ್ತಿಯ ರೊಟ್ಟಿ ಮುರಿದು ಅವರ ಕೈಗಿಟ್ಟು, ನಾವು ಹುಡುಕುತ್ತಿರುವುದು ಏನೆಂದು ಪೂರ್ತಿ ಕೇಳಿಸಿಕೊಂಡರು. ಒಂದು ಸೀಳಿನ ಮನೆ ಅವರಿಗೂ ಗೊತ್ತಿಲ್ಲ. ಎರಡು ಸೀಳಿನವರು ಮಾತ್ರ ಗೊತ್ತು: ಹಿಂದೆ ಈ ಕಡೆ ಹೊಳೆ ದಂಡೆಯಲ್ಲಿದ್ದವರು, ಮಾರಿಕಣಿವೆ ಅಣೆಕಟ್ಟಿನ ನೀರು ಹಟ್ಟಿಯ ತನಕ ಏರಿ ಬಂದ ಒಂದು ವರ್ಷ ಎದ್ದು ಹಿರಿಯೂರು ತಾಲ್ಲೂಕಿಗೆ ಹೋದವರು. ರಂಗಪ್ಪನವರ ಸೊಸೆಯ ತವರು ಅವರ ಹಟ್ಟಿಯ ಪಕ್ಕ. ಸೊಸೆಗೆ ಫೋನ್ ಮಾಡಿ ದಾರಿ ಕೇಳಿ ಹೇಳಿದರು.

ಗುರುತು ಹೊಂದದ ಮನೆಗೆ ಉಳಿದ ಒಂದೇ ದಿನವನ್ನು ಕೊಡಬೇಕೇ ಎಂದು ಹೊಸದುರ್ಗದ ಲಾಡ್ಜಿನಲ್ಲಿ ಲೆಕ್ಕ ಹಾಕಿದೆವು. ಬೇರೆ ದಾರಿ ಇರಲಿಲ್ಲ.

ಗುರುವಾರ ಹಿರಿಯೂರಿಗೆ ಎರಡು ಗಂಟೆಯ ದಾರಿ. ಕಿಟಕಿಯ ಹೊರಗೆ ತೆಂಗು, ಕೊಬ್ಬರಿ ಒಣಗಿಸಿದ ಅಂಗಳಗಳು. ಹಿರಿಯೂರಿನಿಂದ ಆಟೋ ಮಾಡಿಕೊಂಡೆವು. ಹೋಗಿ ಬರಲು ಆರುನೂರು ರೂಪಾಯಿ. ಅಣೆಕಟ್ಟಿನಲ್ಲಿ ನೀರು ತುಂಬಿತ್ತು. ಅಲ್ಲಿಂದ ಮಣ್ಣು ದಾರಿ. ಹಟ್ಟಿಯ ಹೆಸರನ್ನು ಮನೆಯವರ ಕೋರಿಕೆಯಂತೆ ಇಲ್ಲಿ ಬರೆದಿಲ್ಲ. ಮಂದೆ ಮೇಯಲು ಹೋಗಿತ್ತು. ಮನೆಯಲ್ಲಿದ್ದವರು ಎಂಬತ್ತರ ಆಸುಪಾಸಿನ ಕೆಂಚಮ್ಮ, ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಯಾರು, ಎಲ್ಲಿಂದ ಎಂದು ಕೇಳುವ ಮೊದಲೇ ನಮ್ಮ ಮುಂದೊಂದಿಷ್ಟು ಕಾಯಿ ಸುರಿದರು. ಸುಲಿಯುತ್ತ ಕುಳಿತೆವು. ನಾನು ಏನನ್ನೂ ಹೇಳದೆ ಸ್ಪೀಕರ್ ಹಚ್ಚಿದೆ. ಮೊದಲೇ ಹೇಳಿಬಿಟ್ಟರೆ ನಮಗೆ ಬೇಕಾದ ಉತ್ತರವೇ ಬಂದೀತೆಂಬ ಎಚ್ಚರ.

ಈರಕ್ಕ ಎಂಬ ಹೆಸರು ಬಂದಾಗ ಕೆಂಚಮ್ಮನವರ ಕೈ ನಿಂತಿತು. ತುಣುಕು ಮುಗಿಯಿತು. ಅವರು ಸ್ಪೀಕರನ್ನೇ ನೋಡುತ್ತ ಹೇಳಿದರು:

“ಬೈಗಾಗದ್ರಾಗೆ ಅಂದ್ನಂತೆ. ನಮ್ಮಜ್ಜಿನೂ ಅದೇ ಮಾತು ಹೇಳ್ತಿದ್ಲು. ಸಾಯೋತನಕ ಹೇಳ್ತಿದ್ಲು.”

ನಾನು ಅನುವಾದಿಸಿದೆ. ರೋಹಿಣಿ, ಅವಳು ಮನೆ ಸೇರಿದಳಾ ಎಂದು ಕೇಳಿದರು. ಅದನ್ನು ಕನ್ನಡದಲ್ಲಿ ಕೇಳಿದೆ.

ಸೇರಿದ್ದಳು. ಕತ್ತಲಾಗುವವರೆಗೂ ಕದಲದೆ ಕುಳಿತಿದ್ದು, ಆಮೇಲೆ ಒಂದು ಮರಿಯನ್ನೂ ಬಿಡದೆ ಹೊಡೆದುಕೊಂಡು ಬಂದಳಂತೆ. ಹಟ್ಟಿಯ ಗಂಡಸರು ಕಣಿವೆಯೆಲ್ಲ ಹುಡುಕಿ, ಅಣ್ಣನನ್ನು ತೋಳ ತಿಂದಿತು ಎಂದು ತೀರ್ಮಾನ ಮಾಡಿದರು. ಈರಕ್ಕ ಒಪ್ಪಲಿಲ್ಲ. “ತೋಳ ತಿಂದ್ರೆ ಕಂಬಳಿನಾದ್ರೂ ಬಿಡ್ತಿತ್ತು” ಎನ್ನುತ್ತಿದ್ದಳಂತೆ. ಮನೆಯಲ್ಲಿ ಬೇರೆ ಗಂಡುಮಕ್ಕಳಿರಲಿಲ್ಲ. ಅವಳಿಗೆ ಮನೆ ಅಳಿಯನನ್ನು ತಂದರು, ಮಂದೆ ಅವಳ ಕೈಗೆ ಬಂತು. ಕೆಂಚಮ್ಮ ಆ ಈರಕ್ಕನ ಮಗಳ ಮಗಳು. ಸೋದರಮಾವನನ್ನೇ ಮದುವೆಯಾಗಿ ಇದೇ ಮನೆಯಲ್ಲಿ ಉಳಿದವರು. ರೋಹಿಣಿ ಚಿಕ್ಕಣ್ಣನವರ ಮಗನ ಮಗಳೆಂದು ನಾನು ತಿಳಿಸಿದಾಗ, ಬೆರಳು ಮಡಿಚಿ ಲೆಕ್ಕ ಹಾಕಿ ಅವರಿಗೆ, “ಹಂಗಾದ್ರೆ ನೀನು ನಂಗೆ ತಂಗಿ ಆಗ್ಬೇಕು. ಇಷ್ಟು ತಡ ಮಾಡೋದಾ?” ಎಂದರು.

ಆದರೆ ಗುರುತು ಹೊಂದುತ್ತಿರಲಿಲ್ಲ. ಅದನ್ನು ಕೇಳದೆ ಏಳುವಂತಿರಲಿಲ್ಲ. ಕೇಳಿದೆ. ಅಪ್ಪನ ಗುರುತು ಮಗನಿಗೆ ಹೋಗುತ್ತದೆ. ಮಂದೆ ಮಗಳಿಗೆ ಬಂದರೆ ಅದೇ ಗುರುತಿಗೆ ಇನ್ನೊಂದು ಸೀಳು ಸೇರಿಸುವುದು ತಮ್ಮ ಕಟ್ಟಳೆ ಎಂದರು ಕೆಂಚಮ್ಮ. ಈರಕ್ಕ ಸೇರಿಸಿದ್ದು ಆ ಎರಡನೇ ಸೀಳು. ನಾನು ಹಿಂದಿಯಲ್ಲಿ ಹೇಳಿ ಮುಗಿಸುವ ಹೊತ್ತಿಗೆ ರೋಹಿಣಿ ಕೆಂಚಮ್ಮನವರ ಎರಡೂ ಕೈ ಹಿಡಿದುಕೊಂಡಿದ್ದರು.

ಸಂಜೆ ಕೆಂಚಮ್ಮನವರ ಮಗ ಮಂದೆ ಹೊಡೆದುಕೊಂಡು ಬಂದರು. ರೋಹಿಣಿ ಧೂಳಿನ ನಡುವೆ ನುಗ್ಗಿ ಕಿವಿಗಳನ್ನು ನೋಡತೊಡಗಿದರು. ಎರಡು ಸೀಳು, ಎರಡು ಸೀಳು, ಮತ್ತೆ ಎರಡು. ಆಮೇಲೆ ನನ್ನನ್ನು ಕೂಗಿದರು. ಅವರು ಹಿಡಿದಿದ್ದ ಕುರಿಯ ಬಲಗಿವಿಗೆ ಒಂದೇ ಸೀಳು. ಅಂಚನ್ನು ಬೆರಳಿನಿಂದ ಸವರಿ ನೋಡಿದೆ. ನೆಟ್ಟಗಿತ್ತು. ಅದರ ಪಕ್ಕದಲ್ಲಿ ಅಂಥದೇ ಇನ್ನೊಂದು. ಅದರಾಚೆ ಮತ್ತೆರಡು.

“ಅವು ನಮ್ಮವಲ್ಲ” ಎಂದರು ಕೆಂಚಮ್ಮ, ಹಿಂದೆಯೇ ನಡೆದು ಬಂದು. “ಅಣ್ಣನ ಪಾಲು. ಅಜ್ಜಿ ಒಂದು ಹೆಣ್ಮರಿ ತೆಗೆದಿಟ್ಟು ಅಪ್ಪನ ಗುರುತೇ ಹಾಕಿದ್ಲು. ಅದರ ಸಂತಾನ ಇವು. ಗಂಡು ಮಾರ್ತೀವಿ, ಹೆಣ್ಣು ಮಾರಲ್ಲ. ಬಂದ್ರೆ ಕೊಡಬೇಕಲ್ಲ.”

ನಾನು ಅನುವಾದಿಸಿದೆ. ರೋಹಿಣಿ ಆ ಕುರಿಯ ಕುತ್ತಿಗೆಗೆ ಕೈ ಹಾಕಿ ಧೂಳಿನಲ್ಲಿ ಕುಳಿತರು. ಕೆಂಚಮ್ಮನವರ ಮಗ, ಪಾಲು ತೆಗೆದುಕೊಂಡು ಹೋಗುವುದಾದರೆ ಈಗಲೇ ಬೇರೆ ಮಾಡಿ ಕೊಡುವುದಾಗಿ ಗಂಭೀರವಾಗಿಯೇ ಹೇಳಿದರು. “ವಿಮಾನದಾಗೆ ಕುರಿಗೂ ಆಧಾರ್ ಕೇಳ್ತಾರೇನೋ ವಿಚಾರಿಸೋ” ಎಂದು ತಾಯಿ ಮಗನನ್ನು ಛೇಡಿಸಿದರು. ಪಾಲು ಮಂದೆಯಲ್ಲೇ ಇರಲಿ ಎಂದರು ರೋಹಿಣಿ. ರಾತ್ರಿ ಊಟಕ್ಕೆ ಮುದ್ದೆ, ಅವರೆಕಾಳಿನ ಸಾರು. ಆಟೋದವರೂ ನಮ್ಮ ಜೊತೆಯೇ ಉಂಡರು. ಕಾದದ್ದಕ್ಕೆ ಹೆಚ್ಚು ಹಣ ಮುಟ್ಟಲಿಲ್ಲ. ಹಿರಿಯೂರಿನಿಂದ ರೋಹಿಣಿ ಬೆಂಗಳೂರು ಬಸ್ಸು ಹತ್ತಿದರು, ನಾನು ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಮರಳಿದೆ.

ಕೆಂಚಮ್ಮನವರ ಮಾತನ್ನು ಅಂದು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೆ. ಜನವರಿಯಲ್ಲಿ ಜಾಲತಾಣದವರು ಅದನ್ನು ಚಿಕ್ಕಣ್ಣನವರ ತುಣುಕಿನ ಕೆಳಗೆ ಹಾಕಿದರು. ಭಾಷೆ ಕನ್ನಡ ಎಂದು ತಿದ್ದಿದ್ದಾರೆ. ಫಿಜಿಯಲ್ಲಿ ರೋಹಿಣಿಯವರ ತಂದೆ ಅದನ್ನು ಕೇಳಿದ್ದಾರೆ. ಅರ್ಥವನ್ನು ಮಗಳು ಹೇಳಿದರು.

ಮೊನ್ನೆ ಬೆಳಿಗ್ಗೆ ಹಟ್ಟಿಯಿಂದ ಫೋನ್ ಬಂತು. ಅಣ್ಣನ ಪಾಲಿನ ಒಂದು ಕುರಿ ಈದಿದೆ. ಹೆಣ್ಣು ಮರಿ.