ಪೆಟ್ಟಿಗೆಯ ಮುಂದೆ ನಡೆಯುವವಳು

ಹಳೇ ಮ್ಯೂಸಿಯಂನಿಂದ ಹೊಸ ಮ್ಯೂಸಿಯಂಗೆ ಯಾರೇ ನಡೆದರೂ ಎಂಟು ನಿಮಿಷ ಸಾಕು. ಅತ್ತಿಗೆ, ನಾದಿನಿ ಇಬ್ಬರಿಗೆ ಮಾತ್ರ ಹದಿನೈದು ಬೇಕು. ಒಡೆಯುವಂಥ ಸಾಮಾನನ್ನು ಎದೆಗೆ ಅವುಚಿಕೊಂಡವರು ಓಡುವುದುಂಟೇ? ಬೀದಿಗೆಲ್ಲ ಕಲ್ಲು ಹಾಸಿದೆ. ಹಿಂದೊಮ್ಮೆ ಯಾರೋ ಮಹಾ ಬುದ್ಧಿವಂತರು ವ್ಯಾನಿನಲ್ಲಿ ಕಳಿಸಿದ ಹೂಜಿ ಒಂದಾಗಿ ಹತ್ತಿ ಮೂರಾಗಿ ಇಳಿದಿತ್ತು. ಅವತ್ತಿನಿಂದ ಗಾಜು, ಪಿಂಗಾಣಿ, ತೆಳು ಮಣ್ಣಿನ ಸಾಮಾನೆಲ್ಲ ಅತ್ತಿಗೆಯ ಕೈಯಲ್ಲೇ ಹೋಗಬೇಕು, ಅವಳ ಕೈಯಲ್ಲೇ ಬರಬೇಕು.

ಸಾಮಾನು ಇಟ್ಟು ಒಯ್ಯುವ ಪೆಟ್ಟಿಗೆಯೂ ಒಂದು ಲೆಕ್ಕಕ್ಕೆ ಮನೆಯದ್ದೇ. ಅತ್ತಿಗೆಯ ಗಂಡ ಮ್ಯೂಸಿಯಂನಲ್ಲಿ ಬಡಗಿಯಾಗಿದ್ದಾಗ ಹಗುರ ಮರದಲ್ಲಿ ಮಾಡಿದ್ದು, ಒಳಗೆಲ್ಲ ಅರಳೆ. ಅದನ್ನು ಎರಡೂ ತೋಳಲ್ಲಿ ತಬ್ಬಿ ಹಿಡಿದರೆ ದೂರದ್ದೆಲ್ಲ ಕಾಣುತ್ತದೆ, ತನ್ನ ಪಾದ ಮಾತ್ರ ತನಗೆ ಕಾಣುವುದಿಲ್ಲ. ಅದಕ್ಕೇ ಮೂರು ಹೆಜ್ಜೆ ಮುಂದೆ ಇನ್ನೊಬ್ಬರು ನಡೆಯಬೇಕು. "ಮೆಟ್ಟಿಲು", "ಹೊಂಡ", "ಎಡಕ್ಕೆ ಬನ್ನಿ" ಎಂದು ಕೂಗುತ್ತಾ ಹೋಗಬೇಕು. ಆ ಬಾಗಿಲಿನಿಂದ ಈ ಬಾಗಿಲಿನವರೆಗೆ ಪೆಟ್ಟಿಗೆ ನೆಲ ಮುಟ್ಟಕೂಡದು ಎಂಬುದು ಕಟ್ಟುನಿಟ್ಟಿನ ನಿಯಮ. ಇಪ್ಪತ್ತೆರಡು ವರ್ಷದಿಂದ ಹೀಗೆ ಮುಂದೆ ನಡೆಯುತ್ತಿರುವವಳು ಆ ಬಡಗಿಯ ತಂಗಿ. ಅವಳ ಗಂಟಲಿಗೆ ಆಫೀಸಿನವರು ಇಟ್ಟ ಹೆಸರು ಹಾರನ್. ಅದನ್ನು ಕೇಳಿದರೆ ಅವಳಿಗೆ ಕೋಪವೇನೂ ಬರುವುದಿಲ್ಲ, ಇನ್ನಷ್ಟು ಗಟ್ಟಿಯಾಗಿ ನಗುತ್ತಾಳೆ.

ಅತ್ತಿಗೆ ಮದುವೆಯಾಗಿ ಆ ಮನೆಗೆ ಬಂದಾಗ ಈ ಹಾರನ್ನಿಗೆ ಹದಿನಾಲ್ಕು ವರ್ಷ. ಮೊದಲ ದಿನವೇ ಅತ್ತಿಗೆಯ ಬಾಚಣಿಗೆ ಎತ್ತಿಕೊಂಡಿದ್ದಳು, ಇವತ್ತಿಗೂ ವಾಪಸು ಕೊಟ್ಟಿಲ್ಲ. ತಾನೂ ಮದುವೆಯಾಗಿ ಎಲ್ಲಿಗೆ ಹೋದಳು ಅಂತೀರಿ? ಎದುರುಮನೆಗೆ! ಆಗಿನಿಂದ ಇಬ್ಬರೂ ಕಿಟಕಿಯಿಂದ ಕಿಟಕಿಗೆ ಜಗಳವಾಡುತ್ತಾರೆ. ಜಗಳ ಮುಗಿಯದಿದ್ದರೆ ಬೀದಿ ದಾಟಿ ಬಂದು, ಟೀ ಕುಡಿದು, ಉಳಿದದ್ದನ್ನು ಮುಗಿಸಿಕೊಂಡು ಹೋಗುತ್ತಾರೆ. ಬಡಗಿ ಯಾರ ಪರ ಮಾತಾಡಿದರೂ ಕೊನೆಗೆ ಬೈಸಿಕೊಳ್ಳುವವನು ತಾನೇ ಎಂದು ತಿಳಿದು ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ಜಾಣ!

ಮೂರು ತಿಂಗಳ ಹಿಂದಿನ ಮಾತು. ಬಟ್ಟೆ ಅಂಗಡಿಯವನು ಕೋಟು ತೊಡಿಸಿದ ಬೊಂಬೆಯೊಂದನ್ನು ಬಾಗಿಲ ಹೊರಗೆ ನಿಲ್ಲಿಸಿದ್ದ. ನಾದಿನಿ ಅದರ ಮುಂದೆ ನಿಂತು, "ಸ್ವಲ್ಪ ದಾರಿ ಬಿಡಿ ಸಾರ್" ಅಂದಳು. ಬೊಂಬೆ ಕದಲಲಿಲ್ಲ. "ಕಿವಿ ಕೇಳಿಸಲ್ವೇನ್ರೀ?" ಎಂದು ಗದರಿದಳು. ಅತ್ತಿಗೆಗೆ ನಗು ತಡೆಯದೆ ಪೆಟ್ಟಿಗೆಯೇ ಅಲ್ಲಾಡಿತು. ನಾದಿನಿಯೂ, "ತಮಾಷೆಗೆ ಅಂದೆ" ಎಂದು ನಕ್ಕಳು. ಆದರೆ ಅವಳ ನಗು ಒಂದು ಗಳಿಗೆ ತಡವಾಗಿ ಬಂದಿತ್ತು.

ಮಾರನೇ ವಾರ ಬೀಗದ ಅಂಗಡಿ ಮುಚ್ಚಿತ್ತು. ಅದರ ಮುಂದೆ ದಿನಾ ನಿಲ್ಲುವ ಸೈಕಲ್ ಅವತ್ತು ಇರಲಿಲ್ಲ. ನಾದಿನಿ ಮಾತ್ರ ಎಂದಿನಂತೆ, "ಸೈಕಲ್ ಇದೆ, ಬಲಕ್ಕೆ ಬನ್ನಿ" ಎಂದು ಕೂಗಿದಳು. ಅತ್ತಿಗೆ ಒಂದು ಮಾತೂ ಆಡದೆ, ಇಲ್ಲದ ಸೈಕಲ್ಲಿಗೆ ದಾರಿ ಬಿಟ್ಟು ಬಲಕ್ಕೆ ನಡೆದಳು. ಮುಂದಿನವಳು ನೋಡಿ ಹೇಳುತ್ತಿಲ್ಲ, ಬಾಯಿಪಾಠ ಒಪ್ಪಿಸುತ್ತಿದ್ದಾಳೆ ಎಂಬುದು ಆಗ ಖಾತ್ರಿಯಾಯಿತು.

ಅಂದಿನಿಂದ ಅತ್ತಿಗೆಗೆ ಒಂದೇ ಚಿಂತೆ: ಇವಳನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯುವುದು ಹೇಗೆ? ಪುಸಲಾಯಿಸಿದಳು, ಬೈದಳು, ತನ್ನ ಕನ್ನಡಕ ಬದಲಾಯಿಸಬೇಕೆಂಬ ನೆಪ ಹೂಡಿದಳು. "ನನ್ನ ಕಣ್ಣಿಗೇನು ಧಾಡಿ? ನಿಮಗೆ ಬೇರೆ ಕೆಲಸ ಇಲ್ವಾ?" ಎಂದು ನಾದಿನಿ ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಆಫೀಸಿಗೆ ಒಂದು ಮಾತು ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಹೇಳಿದ ದಿನವೇ ಅವಳನ್ನು ನೆಲಮಾಳಿಗೆಯಲ್ಲಿ ನೋಡಲು ಬಂದವರ ಚೀಲ ಕಾಯಲು ಕೂರಿಸುತ್ತಾರೆ. ಅತ್ತಿಗೆಯ ನಾಲಿಗೆ ಏಳಲಿಲ್ಲ. ತಪ್ಪೇ ಹೌದು. ಸರ್ಕಾರದ ಸಾಮಾನು ಕೈಯಲ್ಲಿ ಹಿಡಿದು ಹೀಗೆ ಮಾಡಬಾರದು. ಪೆಟ್ಟಿಗೆಯನ್ನು ಒಂದಿಷ್ಟು ಓರೆ ಹಿಡಿದು, ಪಕ್ಕದಿಂದ ಇಣುಕಿ, ಚಪ್ಪಲಿಯಲ್ಲೇ ನೆಲ ತಡವಿಕೊಂಡು ಮೂರು ತಿಂಗಳು ನಡೆದಳು.

ಇವತ್ತು ಪೆಟ್ಟಿಗೆಯಲ್ಲಿದ್ದದ್ದು ಗಾಜಿನ ಬಟ್ಟಲು, ಊದಿದರೆ ಒಡೆಯುವಷ್ಟು ತೆಳು. ಇಬ್ಬರೂ ಹಳೇ ಮ್ಯೂಸಿಯಂನ ಏಳು ಮೆಟ್ಟಿಲು ಇಳಿದರು, ಬೀಗದ ಅಂಗಡಿ ದಾಟಿದರು. ಕ್ಷೌರದಂಗಡಿಯ ಮುಂದೆ ನೀರಿನ ಪೈಪಿಗೆಂದು ಬೆಳಿಗ್ಗೆಯಷ್ಟೇ ಹಾಸುಗಲ್ಲು ಕಿತ್ತು ಅಗೆದಿದ್ದರು. ನಾದಿನಿಯ ಬೆನ್ನು ಅಡ್ಡವಾಗಿ ಅತ್ತಿಗೆಗೆ ಅದು ಕಾಣಲಿಲ್ಲ.

"ನೇರ ಬನ್ನಿ, ಏನೂ ಇಲ್ಲ, ನೇರ ನೇರ..." ಎನ್ನುತ್ತಿದ್ದ ನಾದಿನಿ ಇದ್ದಕ್ಕಿದ್ದಂತೆ ಎರಡು ಮೊಳ ಗಿಡ್ಡವಾದಳು.

"ಅಯ್ಯೋ!" ಎಂದು ಕಿರುಚಿದ್ದು ಅತ್ತಿಗೆ. ಕೈ ಚಾಚಿ ಹಿಡಿಯೋಣವೆಂದರೆ ಎರಡೂ ಕೈಯಲ್ಲಿ ಪೆಟ್ಟಿಗೆ! ಕ್ಷೌರದವನು ಗಿರಾಕಿಯ ಮುಖದ ನೊರೆಯನ್ನು ಹಾಗೇ ಬಿಟ್ಟು ಓಡಿಬಂದ. ನಾದಿನಿ ಗುಂಡಿಯೊಳಗಿಂದ ಕೇಳಿದ ಮೊದಲ ಮಾತು, "ಪೆಟ್ಟಿಗೆ?"

"ಪೆಟ್ಟಿಗೆ ನೆಟ್ಟಗಿದೆ ಕಣೇ. ನಿನ್ನ ಕಾಲು?"

ಮೊಣಕಾಲು ತರಚಿತ್ತು, ಅಷ್ಟೇ. ಎತ್ತಿ ನಿಲ್ಲಿಸಿದ್ದೇ ತಡ, ಹಾರನ್ ಶುರುವಾಯಿತು. "ಗುಂಡಿ ತೋಡಿದೋರಿಗೆ ಬುದ್ಧಿ ಬೇಡ್ವಾ? ಒಂದು ಹಗ್ಗ ಕಟ್ಟೋಕೆ ಏನಾಗಿತ್ತು? ಒಂದು ಕೆಂಪು ಬಟ್ಟೆ?"

ಪೈಪಿನ ಕೆಲಸದವನು ಮೆಲ್ಲಗೆ ಹೇಳಿದ, "ಕಟ್ಟಿದ್ವಿ ಅಕ್ಕಾ. ನಿಮ್ಮ ಸೊಂಟದಲ್ಲೇ ಇದೆ ನೋಡಿ."

ನಿಜ. ಹಗ್ಗ, ಅದಕ್ಕೆ ಕಟ್ಟಿದ್ದ ಐದಾರು ಕೆಂಪು ಚಿಂದಿ, ಎಲ್ಲ ಅವಳ ಸೊಂಟಕ್ಕೆ ಸುತ್ತಿಕೊಂಡಿದ್ದವು. ನಾದಿನಿ ಅವನ್ನು ಬೆರಳಲ್ಲಿ ತಡವಿ ನೋಡಿದಳು.

"ಅತ್ತಿಗೆ, ನನಗೆ ಕಣ್ಣು ಕಾಣಿಸ್ತಿಲ್ಲ," ಅಂದಳು ಕೊನೆಗೆ. "ಎಲ್ಲಾ ಮಂಜು ಮಂಜು."

"ಗೊತ್ತು."

"ಗೊತ್ತಾ? ಯಾವಾಗಿಂದ?"

"ನೀನು ಬೊಂಬೆಗೆ ಸಾರ್ ಅಂದಾಗಿಂದ."

ಈಗ ಅಳುತ್ತಾಳೆ, ಸಮಾಧಾನ ಮಾಡೋಣ ಎಂದುಕೊಂಡಿದ್ದ ಅತ್ತಿಗೆಯ ಮೇಲೆ ನಾದಿನಿ ಕೆಂಡವಾದಳು. "ಮೂರು ತಿಂಗಳು! ನನಗೆ ಕಾಣಲ್ಲ ಅಂತ ಗೊತ್ತಿದ್ದೂ ನನ್ನ ಹಿಂದೆ ಬಂದೆಯಾ? ತಲೆ ಕೆಟ್ಟಿದೆಯಾ ನಿನಗೆ? ನಾನು ಬಿದ್ದ ಜಾಗದಲ್ಲಿ ನೀನು ಬಿದ್ದಿದ್ರೆ? ಕೈ ಊರೋಕೂ ಆಗ್ತಿರಲಿಲ್ಲ ನಿನಗೆ, ಮುಖ ಒಡೆದುಹೋಗ್ತಿತ್ತು!" ಅಷ್ಟು ವರ್ಷದಲ್ಲಿ ಅವಳು ಅತ್ತಿಗೆಗೆ 'ನೀನು' ಅಂದದ್ದು ಅದೇ ಮೊದಲು.

"ನಿನ್ನ ಬಿಟ್ಟು ಇನ್ಯಾರ ಹಿಂದೆ ನಡೀಲೇ?" ಅಂದಳು ಅತ್ತಿಗೆ. ಕಣ್ಣೀರು ಕೆನ್ನೆಗಿಳಿಯಿತು. ಒರೆಸಿಕೊಳ್ಳಲು ಕೈ ಇರಲಿಲ್ಲ. ನಾದಿನಿಯೇ ತಡವಿ, ಸೆರಗೋ ಕರವಸ್ತ್ರವೋ ನೋಡದೆ, ಆ ಕೆಂಪು ಚಿಂದಿಯಲ್ಲೇ ಒರೆಸಿದಳು. ಅತ್ತಿಗೆಯ ಮುಖಕ್ಕೆಲ್ಲ ಮಣ್ಣಾಯಿತು.

"ನಾಳೆನೇ ಡಾಕ್ಟರ ಹತ್ತಿರ ಹೋಗೋಣ," ಅಂದಳು ನಾದಿನಿ, ಇನ್ನೂ ಸಿಟ್ಟಿನಲ್ಲೇ. "ಈ ಹುಚ್ಚಿಯನ್ನ ನಂಬೋಕಾಗಲ್ಲ."

ಉಳಿದ ದಾರಿಗೆ ಕ್ಷೌರದವನೇ ಮುಂದಾಳು. ಹೆಗಲ ಮೇಲೆ ಟವೆಲು ಹಾಕಿಕೊಂಡು "ಮೆಟ್ಟಿಲು" ಎಂದು ಅವನು ನಾಚುತ್ತಾ ಹೇಳುವುದು, "ಇನ್ನೂ ಗಟ್ಟಿಯಾಗಿ ಕೂಗಪ್ಪ, ಏನು ಗುಟ್ಟು ಹೇಳ್ತಿದೀಯಾ?" ಎಂದು ನಾದಿನಿ ಪಕ್ಕದಲ್ಲಿ ಅತ್ತಿಗೆಯ ಸೆರಗಿನ ತುದಿ ಹಿಡಿದು ರೇಗುವುದು. ಅರ್ಧ ಕ್ಷೌರವಾದ ಗಿರಾಕಿ ಬಾಗಿಲಲ್ಲಿ ನಿಂತು ನೋಡುತ್ತಲೇ ಇದ್ದ.

ಹೊಸ ಮ್ಯೂಸಿಯಂನಲ್ಲಿ ಸಾಮಾನು ಬರಮಾಡಿಕೊಳ್ಳುವ ಮೇಡಂ ಪೆಟ್ಟಿಗೆ ತೆಗೆದು ನೋಡಿದರು. ಬಟ್ಟಲಿಗೆ ಎಳ್ಳಷ್ಟೂ ಊನವಾಗಿರಲಿಲ್ಲ. ಪೆನ್ನು ಹಿಡಿದು ಮಾಮೂಲಿನ ಪ್ರಶ್ನೆ ಕೇಳಿದರು, "ದಾರಿಯಲ್ಲಿ ಏನಾದ್ರೂ ಆಯ್ತಾ?"

ಇಪ್ಪತ್ತೆರಡು ವರ್ಷ "ಏನಿಲ್ಲ ಮೇಡಂ" ಎಂದವಳು ಅತ್ತಿಗೆ. ಅವಳು ಬಾಯಿ ತೆರೆಯುವ ಮೊದಲೇ ನಾದಿನಿ ಅಂದಳು, "ಬರ್ಕೊಳ್ಳಿ ಮೇಡಂ. ಮುಂದೆ ನಡೆಯೋಳಿಗೆ ಕಣ್ಣು ಕಾಣಿಸಲ್ಲ. ಹೇಳದೆ ಇದ್ದಿದ್ದು ನನ್ನ ತಪ್ಪು."

"ನಂದೂ," ಅಂದಳು ಅತ್ತಿಗೆ.

ಮೇಡಂ ಇಬ್ಬರ ಮುಖವನ್ನೂ ನೋಡಿದರು. ಬೈಯಬೇಕಾದಷ್ಟು ಬೈದರು, ಯಾವುದೂ ಸುಳ್ಳಲ್ಲ. ಕೊನೆಗೆ, "ಪೊರೆ ಇದ್ರೆ ತೆಗೆಸ್ಕೊಂಡು ಬಾಮ್ಮಾ. ಅಲ್ಲಿವರೆಗೆ ಮುಂದೆ ಬೇರೆಯವರನ್ನ ಹಾಕ್ತೀನಿ" ಅಂದರು.

"ಹಾಕಿ ಮೇಡಂ. ಆದ್ರೆ ಬರೋರಿಗೆ ಒಂದು ಮಾತು ಹೇಳಿಬಿಡಿ," ಅಂದಳು ನಾದಿನಿ. "ಅತ್ತಿಗೆಗೆ ಎಡಗಾಲು ನೋವು. ಮೆಟ್ಟಿಲು ಬಂದಾಗ ಎರಡು ಹೆಜ್ಜೆ ಮೊದಲೇ ಕೂಗಬೇಕು. ಅವರು ತಾವಾಗೇ ಹೇಳ್ಕೊಳ್ಳಲ್ಲ."

ಅತ್ತಿಗೆ ಬೆಪ್ಪಾಗಿ ನಿಂತಳು. ಆ ಕಾಲಿನ ವಿಷಯ ಅವಳು ಗಂಡನಿಗೂ ಹೇಳಿರಲಿಲ್ಲ, ತನಗೆ ತಾನೇ ಒಪ್ಪಿಕೊಂಡಿರಲಿಲ್ಲ. "ನಿನಗೆ ಹೇಗೆ ಗೊತ್ತಾಯ್ತೇ?"

"ಕಣ್ಣು ತಾನೇ ಹೋಗಿರೋದು? ವರ್ಷದಿಂದ ಹಿಂದೆ ಕುಂಟ್ಕೊಂಡು ಬರ್ತಿದೀರ. ಆ ಕಾಲಿಗೆ ಅಂತಲೇ ನಾನು ಮೊದಲೇ ಕೂಗ್ತಾ ಇದ್ದಿದ್ದು. ಹೊಸಬರಿಗೆ ಇದೆಲ್ಲ ಎಲ್ಲಿ ಗೊತ್ತಾಗುತ್ತೆ ಅಂತಲೇ ನಾನು ಜಾಗ ಬಿಡದೆ ಕಚ್ಚಿಕೊಂಡು ಕೂತಿದ್ದು."

ಮೇಡಂ ಮೇಜಿನ ಡ್ರಾಯರ್ ಎಳೆದು ಎರಡು ರಜೆ ಅರ್ಜಿ ತೆಗೆದು, ಒಂದನ್ನು ಕಣ್ಣಿನವಳ ಮುಂದೆ, ಇನ್ನೊಂದನ್ನು ಕಾಲಿನವಳ ಮುಂದೆ ಇಟ್ಟರು.