ಗಂಗವ್ವನ ಹಿತ್ತಲಲ್ಲಿ ಹಿಕ್ಕೆ ಸಿಗಲಿಲ್ಲ

ಕೋಳಿ ಸೊರಗಿದರೆ ಸಾಕಿದವಳ ಕೈಗುಣ ಸರಿಯಿಲ್ಲ ಎನ್ನುವುದು ಅನ್ಯಾಯ, ಗೆಳೆಯರೇ. ನಮ್ಮ ಸವಡಿಯ ಗಂಗವ್ವನಿಗೆ ಓಣಿಯವರು ಹಾಗೆ ಅಂದು, ಅವಳ ತತ್ತಿ ಕೊಳ್ಳುವುದನ್ನೇ ಬಿಟ್ಟಿದ್ದಾರೆ. ತಪ್ಪು ಕೋಳಿಯ ಕರುಳಿನ ಹುಳದ್ದು. ನೋಡಲು ಒಂದೇ ಥರ ಇದ್ದರೂ ಆ ಹುಳಗಳಲ್ಲಿ ಬೇರೆ ಬೇರೆ ವಂಶಗಳಿರುತ್ತವೆ ಎಂದು ಪಶು ಆಸ್ಪತ್ರೆಯ ಕರಪತ್ರದಲ್ಲಿ ಓದಿದ್ದೇನೆ.

ಇಂದು ಬೆಳಿಗ್ಗೆ ರೋಣದಿಂದ ಪಶುವೈದ್ಯರನ್ನು ಕರೆತಂದೆ. ಯಾವ ಹುಳ ಎಂದು ಪರೀಕ್ಷಿಸಲು ಕೋಳಿಯ ಹಿಕ್ಕೆ ಬೇಕಿತ್ತು. ಹೋಗಿ ನೋಡಿದರೆ ಗೂಡು ತೊಳೆದು, ಹಿತ್ತಲು ಸಾರಿಸಿ, ರಂಗೋಲಿ ಹಾಕಿದ್ದಾಳೆ!

"ಯವ್ವಾ, ಹಿಕ್ಕಿ ಎಲ್ಲೈತಿ?" ಎಂದೆ.

"ಡಾಕ್ಟರ್ ಬರ್ತಾರಂದ್ರ ಹೊಲಸ ಇಡ್ಲೇನು? ಮೊದ್ಲ ನನ್ನ ಕೈಗುಣ ಚಲೋ ಇಲ್ಲಂತಾರ."

ಡಾಕ್ಟರರು ನಕ್ಕರು. "ಆ ಹೊಲಸ ನಿನ್ನ ಪರ ಸಾಕ್ಷಿ ಹೇಳ್ತಿತ್ತವ್ವಾ," ಎಂದು ಅಲ್ಲೇ ಕಟ್ಟೆಯ ಮೇಲೆ ಕಾಯುತ್ತ ಕೂತರು.

ಗಂಗವ್ವ ಸೊರಗಿದ ಕೋಳಿಯನ್ನು ಮಡಿಲಲ್ಲಿಟ್ಟುಕೊಂಡು ಬೆನ್ನು ಸವರಿದಳು. "ಲಗೂ ಹಾಕ ನನ್ನವ್ವಾ, ಸಾಹೇಬ್ರು ಕಾಯಾಕತ್ತಾರ."

ಕೋಳಿ ಕಣ್ಣು ಮುಚ್ಚಿ ಅವಳ ಸೆರಗಿನಲ್ಲಿ ಹಾಯಾಗಿ ಮಲಗಿಬಿಟ್ಟಿತು.

ಹಿಕ್ಕೆ ಸಿಗದೆ ಬರಿಗೈಲಿ ಹೋದ ಡಾಕ್ಟರರು ಮತ್ತೆ ಬರುತ್ತಾರೆ. ಗಂಗವ್ವನ ಕಸಬರಿಗೆಯನ್ನು ನಮ್ಮ ಮನೆಗೆ ತಂದಿಟ್ಟುಕೊಂಡಿದ್ದೇನೆ. ಕೈಗುಣದ ಮಾತಾಡಿದವರೂ ಬನ್ನಿ: ಶನಿವಾರ ಬೆಳಿಗ್ಗೆ ಏಳಕ್ಕೆ, ಗಂಗವ್ವನ ಹಿತ್ತಲಿಗೆ.