ಮೂರು ದಾಟಿದ ನನ್ನ ಎ.ಎಂ.ಎಚ್.

ನನ್ನ ವಾರಗಿತ್ತಿಯ, ಅಂದರೆ ಮೈದುನನ ಹೆಂಡತಿಯ, ರಿಪೋರ್ಟ್ ಬಂದ ದಿನ ನನಗೆ ಖುಷಿಯಾಗಿತ್ತು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇಬ್ಬರಿಗೂ ಮಕ್ಕಳಾಗಿರಲಿಲ್ಲ. ಬಿಳಿಗೆರೆಯ ಒಂದೇ ಮನೆಯಿಂದ ತುಮಕೂರಿನ ಒಂದೇ ಆಸ್ಪತ್ರೆಗೆ ಹೋಗುತ್ತಿದ್ದೆವು. ಮುಟ್ಟಾದ ಎರಡನೇ ದಿನ ರಕ್ತ ತೆಗೆದು ಹಾರ್ಮೋನು ನೋಡುತ್ತಾರೆ. ಅದರಲ್ಲಿ ಎ.ಎಂ.ಎಚ್. ಅನ್ನುವುದು ಇನ್ನೂ ಎಷ್ಟು ಅಂಡಗಳು ಉಳಿದಿರಬಹುದು ಎಂಬುದರ ಅಂದಾಜು. ನನ್ನದು ಮೂರು ದಾಟಿತ್ತು. ಅವಳದು ಒಂದನ್ನೂ ಮುಟ್ಟಿರಲಿಲ್ಲ. ನನಗಿಂತ ಎಷ್ಟೋ ಚಿಕ್ಕವಳು, ತಲೆತುಂಬ ಕೂದಲು, ಅತ್ತೆಯ ಮುದ್ದಿನ ಸೊಸೆ. ಇದೊಂದರಲ್ಲಾದರೂ ನಾನು ಮುಂದಿದ್ದೆ.

ನಮ್ಮ ತೆಂಗಿನ ಸೀಮೆಯವರು ಗೊನೆ ಎಣಿಸಿ ಮರಕ್ಕೆ ಬೆಲೆ ಕಟ್ಟುವವರು. ಅತ್ತೆ ರಿಪೋರ್ಟನ್ನೂ ಹಾಗೇ ಓದಿದರು. "ದೊಡ್ಡವಳ್ದು ಮೂರ್ ಐತಂತೆ ಕಣೇ, ಇವಳ್ಗೇ ಮೊದ್ಲು ನಿಲ್ಲೋದು" ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ಒಳಗೆ ಕಾಫಿ ಸೋಸುತ್ತಾ, ಇನ್ನೊಂದು ಸಲ ಹೇಳಲಿ ಎಂದು ಕಾಯುತ್ತಿದ್ದೆ. ಚಿಕ್ಕವಳು ಪಾತ್ರೆ ತೊಳೆಯುತ್ತಿದ್ದಳು.

ಅಂಡ ಬೆಳೆಸುವ ಇಂಜೆಕ್ಷನ್ ಮುಗಿದಾಗ ನನಗೆ ಹನ್ನೆರಡು ಅಂಡ ಸಿಕ್ಕವು, ಅವಳಿಗೆ ಎರಡು. ನನ್ನ ಹನ್ನೆರಡರಲ್ಲಿ ಕೊನೆಗೆ ಭ್ರೂಣವಾಗಿ ಉಳಿದದ್ದು ಎರಡೇ. ಒಂದನ್ನು ಗರ್ಭಕ್ಕೆ ಬಿಟ್ಟರು, ನಿಲ್ಲಲಿಲ್ಲ. ಇನ್ನೊಂದನ್ನು ಫ್ರೀಜ್ ಮಾಡಿಟ್ಟರು. ಅವಳದು ಒಂದೇ ಒಂದು ಭ್ರೂಣ, ಮೊದಲ ಸಲಕ್ಕೇ ನಿಂತಿತು.

ನನ್ನ ಹೊಟ್ಟೆ ಉರಿದುಹೋಯಿತು. ಜಗಳಕ್ಕೆ ಹೋದವಳ ಹಾಗೆ ಡಾಕ್ಟರನ್ನು ಕೇಳಿದೆ, "ನನ್ನ ನಂಬರ್ ಚೆನ್ನಾಗಿತ್ತಲ್ವಾ ಮೇಡಂ?"

"ಆ ನಂಬರ್ ಎಷ್ಟು ಅಂಡ ಸಿಗಬಹುದು ಅಂತ ಹೇಳುತ್ತೆ ಅಷ್ಟೇ ಕಣಮ್ಮ. ಅದರಲ್ಲಿ ಯಾವುದು ಮಗು ಆಗುತ್ತೆ ಅಂತ ಹೇಳಲ್ಲ. ಅದಕ್ಕೆ ವಯಸ್ಸೇ ಜಾಸ್ತಿ ಲೆಕ್ಕಕ್ಕೆ ಬರೋದು" ಎಂದರು. ನನಗೆ ನಲವತ್ತು ಹತ್ತಿರವಾಗಿತ್ತು. ಊರಿಗೆ ವಾಪಸು ಬರುವಾಗ ಬಸ್ಸು ಗುಬ್ಬಿ ದಾಟುವವರೆಗೂ ಅವಳ ವಯಸ್ಸಿನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದೆ.

ಮನೆಯಲ್ಲಿ ನನ್ನ ಮೂರನ್ನು ಎಲ್ಲರೂ ಮರೆತರು. "ಬಗ್ಗಬ್ಯಾಡ ಕಣೇ, ಕೂತ್ಕ" ಎಂದು ಅತ್ತೆ ಅವಳ ಹಿಂದೆಯೇ ಸುತ್ತುತ್ತಿದ್ದರು. ಪಾತ್ರೆಗಳು ನನ್ನ ಪಾಲಿಗೆ ಬಂದವು.

ಏಳನೇ ತಿಂಗಳಲ್ಲಿ ಮಡಿಲು ತುಂಬಲು ಕೊಬ್ಬರಿ ಬೇಕಾಯಿತು. ನಮ್ಮ ಮನೆಯಲ್ಲಿ ಅದಕ್ಕೆ ಅಂಗಡಿಯದನ್ನು ತರುವುದಿಲ್ಲ. ವರ್ಷವಿಡೀ ಅಟ್ಟದಲ್ಲಿ ಒಣಗಿದ ಕಾಯನ್ನು ಅಲ್ಲಾಡಿಸಿ, ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಲೊಡಲೊಡ ಎಂದರೆ ಮಾತ್ರ ಇಳಿಸುತ್ತೇವೆ. ಬಸುರಿ ಅಟ್ಟ ಹತ್ತುವಂತಿಲ್ಲ, ನಾನೇ ಹತ್ತಿದೆ.

"ಒಳ್ಳೇವು ನೋಡಿ ತಗಳವ್ವ, ಮಡ್ಲಿಗೆ ಹಾಕೋದು" ಎಂದರು ಅತ್ತೆ ಕೆಳಗಿಂದ.

"ಅಕ್ಕಂಗೆ ಗೊತ್ತು ಬುಡಿ ಅತ್ತೆ" ಎಂದಳು ಅವಳು. ಆ ನಂಬಿಕೆ ನನ್ನನ್ನು ಇನ್ನಷ್ಟು ಉರಿಸಿತು.

ಒಂದೊಂದೇ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಅವಳಿಗೆ ಒಳ್ಳೆಯವನ್ನೇ ಐದು ಇಳಿಸಿದೆ, ಅದರಲ್ಲಿ ಮೋಸ ಮಾಡಲಿಲ್ಲ. ಆದರೆ ಎಲ್ಲಕ್ಕಿಂತ ದಪ್ಪನೆಯದು, ಎಲ್ಲಕ್ಕಿಂತ ಚೆನ್ನಾಗಿ ಸದ್ದು ಮಾಡಿದ್ದು, ನನ್ನ ಕೈಯಲ್ಲೇ ಉಳಿಯಿತು.

"ಅಷ್ಟೇನೇ?" ಎಂದರು ಅತ್ತೆ.

"ಅಷ್ಟೇ" ಎಂದೆ. ಅದನ್ನು ಮೂಲೆಯ ತೊಲೆಯ ಹಿಂದಕ್ಕೆ ತಳ್ಳಿದೆ.

ಅವಳ ಮಗಳು ಈಗ ಅಂಬೆಗಾಲಿಡುತ್ತಾಳೆ, ನನ್ನನ್ನು ಕಂಡರೆ ಕೈಚಾಚುತ್ತಾಳೆ. ಎತ್ತಿಕೊಳ್ಳುತ್ತೇನೆ, ಮುದ್ದೂ ಮಾಡುತ್ತೇನೆ. ಹೊಟ್ಟೆಕಿಚ್ಚು ಹಾಗೇ ಇದೆ. ತುಮಕೂರಿನಲ್ಲಿ ನನ್ನದೊಂದು ಭ್ರೂಣವೂ ಹಾಗೇ ಇದೆ. ಮೊನ್ನೆ ಅಟ್ಟ ಖಾಲಿ ಮಾಡಲು ಬಂದ ಆಳುಗಳಿಗೆ, ಮೂಲೆಯ ಆ ಒಂದು ಕಾಯನ್ನು ಮಾತ್ರ ಮುಟ್ಟಬೇಡಿ ಎಂದು ಹೇಳಿದೆ.